ಆರೋಗ್ಯಮಾತೆಯ ಹಬ್ಬ ಮತ್ತು ನಮ್ಮ ಮನೆಯ ಊಟದ ತಟ್ಟೆ

(ಸೆಪ್ಟೆಂಬರ್ 8, ಮಾತೆ ಮರಿಯಮ್ಮನವರ ಜನನೋತ್ಸವದ ಪ್ರಬೋಧನೆ)



ಒಂಬತ್ತು ದಿನಗಳ ನೊವೆನ ಮುಗಿಸಿ ಇಂದು ನಾವು ಮಾತೆ ಮರಿಯಮ್ಮನವರ ಹುಟ್ಟುಹಬ್ಬಕ್ಕೆ ಸೇರಿದ್ದೇವೆ. ಶಿವಾಜಿನಗರದಲ್ಲಿ, ವೇಳಾಂಕಣ್ಣಿಯಲ್ಲಿ ಕಾವಿ ಉಟ್ಟ ಭಕ್ತರು ಆಕೆಯನ್ನು ಆರೋಗ್ಯಮಾತೆ ಎಂದು ಕರೆಯುತ್ತಾರೆ. ಕರಾವಳಿಯ ನಮ್ಮ ಬಂಧುಗಳಿಗೆ ಇದು ಮೊಂತಿ ಹಬ್ಬ. ಹೊಸ ತೆನೆಯನ್ನು ಆಶೀರ್ವದಿಸಿ, ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ತರಕಾರಿ ಊಟ ಮಾಡುತ್ತಾರೆ. ಭಾರತದ ಧರ್ಮಸಭೆ ಇದೇ ದಿನವನ್ನು ಹೆಣ್ಣುಮಗುವಿನ ದಿನವಾಗಿಯೂ ಆಚರಿಸುತ್ತದೆ. ಆರೋಗ್ಯ, ಅನ್ನ, ಹೆಣ್ಣುಮಗು ಈ ಮೂರೂ ಒಂದೇ ಹಬ್ಬದಲ್ಲಿ ಸೇರಿವೆ.

ಹಿಂದೊಮ್ಮೆ ಇದೇ ನೊವೆನದ ಸಮಯದಲ್ಲಿ, ಬಲಿಪೂಜೆಯ ನಡುವೆ ಒಬ್ಬ ಹುಡುಗಿ ತಲೆಸುತ್ತಿ ಬಿದ್ದಳು. ಉಪವಾಸವಿರಬೇಕೆಂದು ನಾವು ಭಾವಿಸಿದೆವು. ನೀರು ಕುಡಿಸಿ ಕೇಳಿದಾಗ ಆಕೆ ಹೇಳಿದಳು: "ಬೆಳಿಗ್ಗೆ ಅಮ್ಮನೂ ತಿನ್ನಲ್ಲ ಫಾದರ್, ನಾನೂ ತಿನ್ನಲ್ಲ. ಕಾಫಿ ಕುಡೀತೀವಿ ಅಷ್ಟೇ." ಮರುದಿನ ಇಬ್ಬರ ರಕ್ತವನ್ನೂ ಪರೀಕ್ಷಿಸಿದರು. ಹಿಮೋಗ್ಲೋಬಿನ್ 12 ಇರಬೇಕಾದಲ್ಲಿ ಮಗಳಿಗೆ 9 ಕೂಡ ಇರಲಿಲ್ಲ. ತಾಯಿಗೆ ಅದಕ್ಕಿಂತಲೂ ಕಡಿಮೆ.

ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ಉಣ್ಣುವ ತಾಯಿಯನ್ನು ಇದೇ ಪೀಠದಿಂದ ನಾವು ಎಷ್ಟು ಬಾರಿ ಹೊಗಳಿದ್ದೇವೆ! ತಾಯಿಯ ತ್ಯಾಗ ದೊಡ್ಡದು, ನಿಜ. ಆದರೆ ಆ ತಾಯಿಯನ್ನು ಮಗಳೊಬ್ಬಳು ಪ್ರತಿದಿನ ನೋಡುತ್ತಿರುತ್ತಾಳೆ. ಹಸಿದಿರುವುದೇ ಹೆಣ್ಣಿನ ಧರ್ಮವೆಂದು ಮಾತಿಲ್ಲದೆಯೇ ಕಲಿಯುತ್ತಾಳೆ. ಇದು ಒಂದು ಮನೆಯ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ ಇತ್ತು. 15ರಿಂದ 19ರ ಹುಡುಗಿಯರಲ್ಲಿ ಶೇಕಡಾ 59.

ಸಂತ ಮಾರ್ಕರ ಶುಭಸಂದೇಶದ 5ನೇ ಅಧ್ಯಾಯವನ್ನು ನೆನೆಯೋಣ. ಅಲ್ಲಿ 12 ವರ್ಷಗಳಿಂದ ರಕ್ತಸ್ರಾವದಿಂದ ನರಳಿದ ಒಬ್ಬ ಸ್ತ್ರೀ ಇದ್ದಾಳೆ. 12 ವರ್ಷದ ಒಬ್ಬ ಬಾಲಕಿ, ಯಾಯೀರನ ಮಗಳು, ಇದ್ದಾಳೆ. ನಾಚಿಕೆಯಿಂದ ಜನಜಂಗುಳಿಯಲ್ಲಿ ಅಡಗಿದ್ದ ಆ ಸ್ತ್ರೀಯನ್ನು ಯೇಸುಸ್ವಾಮಿ 'ಮಗಳೇ' ಎಂದು ಕರೆಯುತ್ತಾರೆ. ಸತ್ತಿದ್ದ ಬಾಲಕಿಯನ್ನು ಎಬ್ಬಿಸಿದ ಮೇಲೆ ಅವರು ಮನೆಯವರಿಗೆ ಹೇಳಿದ್ದು ಒಂದು ಸಣ್ಣ ಮಾತು: ಆಕೆಗೆ ಊಟ ಕೊಡಿ ಎಂದು. ಜೀವ ಕೊಟ್ಟವರು ಅವರು. ಊಟ ಕೊಡುವ ಕೆಲಸವನ್ನು ಮನೆಯವರಿಗೆ ಬಿಟ್ಟರು. ಇಂದೂ ಆ ಕೆಲಸ ನಮ್ಮದೇ.

ತಾಯಂದಿರೇ, ಮಗಳಿಗೆ ಬುದ್ಧಿ ಹೇಳುವ ಮೊದಲು ಅವಳ ಪಕ್ಕದಲ್ಲಿ ಕುಳಿತು ಉಣ್ಣಿರಿ. ನಮ್ಮ ಹಿರಿಯರ ರಾಗಿಮುದ್ದೆ, ಸೊಪ್ಪಿನ ಸಾರು, ಮೊಳಕೆ ಕಾಳು ಬಡವರ ಊಟವೆಂದು ನಾಚಬೇಡಿ. ರಾಗಿಯಲ್ಲಿ ಸುಣ್ಣದ ಅಂಶ ಅಕ್ಕಿಗಿಂತ ಎಷ್ಟೋ ಪಟ್ಟು ಹೆಚ್ಚು. ಸೊಪ್ಪು, ಕಾಳುಗಳಲ್ಲಿ ಕಬ್ಬಿಣದ ಅಂಶವಿದೆ. ಮೇಲೆ ನಿಂಬೆಹಣ್ಣು ಹಿಂಡಿದರೆ ಅದು ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆಗೇ ಕಾಫಿ, ಟೀ ಕುಡಿದರೆ ಅಷ್ಟು ಚೆನ್ನಾಗಿ ಹತ್ತುವುದಿಲ್ಲ. ಒಂದು ಗಂಟೆ ತಡೆದು ಕುಡಿಯಿರಿ. ಊಟವೊಂದೇ ಸಾಲದಾದಾಗ ಔಷಧಿ ಬೇಕು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಮಗಳು ಎಸೆಯದಂತೆ ನೋಡಿಕೊಳ್ಳಿ. ಅವಳ ರಕ್ತಪರೀಕ್ಷೆಗೆ ಹೋದಾಗ ನಿಮ್ಮದನ್ನೂ ಮಾಡಿಸಿ. ಮುಟ್ಟಿನ ತೊಂದರೆಯನ್ನು ನಾಚಿಕೆಯಿಲ್ಲದೆ ಮಾತಾಡಿಕೊಳ್ಳಿ.

ಸಂಜೆ ಟಿವಿ, ಮೊಬೈಲು ಬದಿಗಿಟ್ಟು ಇಬ್ಬರೂ ಜಪಸರ ಹಿಡಿದು ನಡೆಯಿರಿ. ಐದು ದಶಕ ಮುಗಿಯಲು ಸುಮಾರು 20 ನಿಮಿಷ ಬೇಕು. ಆತ್ಮಕ್ಕೆ ಪ್ರಾರ್ಥನೆ, ಕಾಲಿಗೆ ನಡಿಗೆ, ತಾಯಿಮಗಳಿಗೆ ಮನಬಿಚ್ಚಿ ಮಾತಾಡಲು ಒಂದಿಷ್ಟು ಸಮಯ. ಹೆಣ್ಣುಮಕ್ಕಳೇ, ಅಮ್ಮ ತಿಂದಳೇ ಎಂದು ದಿನಕ್ಕೊಮ್ಮೆ ಕೇಳಿರಿ.

ಇನ್ನು ತಂದೆಯರೇ, ಗಂಡುಮಕ್ಕಳೇ, ಇದು ಹೆಂಗಸರ ವಿಷಯವೆಂದು ಎದ್ದು ಹೋಗಬೇಡಿ. ನಿಮ್ಮ ತಟ್ಟೆ ತುಂಬಿದ ಮೇಲೆ ಪಾತ್ರೆಯಲ್ಲಿ ಏನು ಉಳಿಯಿತೆಂದು ಒಮ್ಮೆ ಇಣುಕಿ ನೋಡಿ. ಯಾಯೀರನೂ ತಂದೆಯೇ. ಮಗಳಿಗಾಗಿ ಎಲ್ಲರೆದುರು ಪ್ರಭುವಿನ ಪಾದಕ್ಕೆ ಬಿದ್ದನು.

ಮರಿಯಮ್ಮನವರ ತಾಯಿ ಸಂತ ಅನ್ನಮ್ಮನವರ ಹೆಸರು ಪವಿತ್ರ ಬೈಬಲಿನಲ್ಲಿಲ್ಲ. ಧರ್ಮಸಭೆಯ ಪರಂಪರೆ ಅದನ್ನು ಉಳಿಸಿಕೊಟ್ಟಿದೆ. ಆಕೆ ಮಗಳಿಗೆ ಏನು ಉಣಿಸಿದರೆಂದು ಯಾರೂ ಬರೆದಿಡಲಿಲ್ಲ. ಆದರೆ ಆಕೆ ಸಾಕಿದ ಮಗಳು ಗರ್ಭಿಣಿಯಾಗಿದ್ದಾಗಲೇ ಎಲಿಜಬೇತಮ್ಮನವರನ್ನು ಕಾಣಲು ಯೂದಾಯದ ಬೆಟ್ಟದ ಸೀಮೆಗೆ ಹೋದಳು, ಮುಂದೆ ಶಿಲುಬೆಯ ಕೆಳಗೆ ಕುಸಿಯದೆ ನಿಂತಳು.

ನಮ್ಮ ದೇಹ ಪವಿತ್ರಾತ್ಮರ ಆಲಯವೆಂದು ಸಂತ ಪೌಲರು ಕಲಿಸುತ್ತಾರೆ. ತಾಯಿಯ ದೇಹವೂ ಆ ಆಲಯವೇ, ಮಗಳದ್ದೂ ಅದೇ. ಇಂದು ಹಬ್ಬದ ಊಟಕ್ಕೆ ಮನೆಯ ತಾಯಿ ಮೊದಲ ಪಂಕ್ತಿಯಲ್ಲೇ ಕೂರಲಿ, ಮಗಳು ಅವಳ ಪಕ್ಕದಲ್ಲಿರಲಿ. ಬಡಿಸುವವರು ನಾವಾಗೋಣ. ಆರೋಗ್ಯಮಾತೆ ನಮಗಾಗಿ ಪ್ರಾರ್ಥಿಸಲಿ. ಆಮೆನ್.