ಅಳಿಸುವ ಮೊದಲು ಲೆಕ್ಕವನ್ನು ಎತ್ತಿಡಿ

(ಅಗರದಲ್ಲಿ ಗಿರಣಿ ಕೆಲಸಗಾರರೂ ಸಣ್ಣ ವರ್ತಕರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸು, ತೆರಿಗೆಗಳ ಮಾತು ಬಿಟ್ಟು ಈ ದಿನ ಕಂಪ್ಯೂಟರಿನ ಮಾತೇಕೆ ಎಂದು ಸಭೆಗೆ ಬರುವಾಗಲೇ ಇಬ್ಬರು ಮೂವರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆದರೆ ಇಂದು ನಮ್ಮ ಕೂಲಿಯ ಲೆಕ್ಕ, ಸಂಘದ ಸದಸ್ಯರ ಪಟ್ಟಿ, ಅಂಗಡಿಯ ಸಾಲದ ಖಾತೆ, ಜಿ.ಎಸ್.ಟಿ. ಬಿಲ್ಲು ಎಲ್ಲವೂ ಆ ಪೆಟ್ಟಿಗೆಯೊಳಗೇ ಸೇರಿವೆ. ಆದುದರಿಂದ ಅದರ ಮಾತು ನಮ್ಮ ಅನ್ನದ ಮಾತೇ ಆಗಿದೆ.

ಮೊದಲು ನನ್ನ ತಪ್ಪನ್ನೇ ಒಪ್ಪಿಕೊಳ್ಳುತ್ತೇನೆ. ಶಾಲೆಯ ಕೆಲಸ ಬಿಟ್ಟು ಸಂಘಟನೆಗೆ ಬಂದ ಹೊಸತರಲ್ಲಿ ಒಂದು ಕಾರ್ಮಿಕ ಸಂಘದ ಕಚೇರಿಯನ್ನು ನೋಡಿಕೊಳ್ಳುತ್ತಿದ್ದೆ. ಅಲ್ಲಿನ ಕಂಪ್ಯೂಟರು ತೆರೆದುಕೊಳ್ಳುವುದಕ್ಕೇ ಕಾಲು ಗಂಟೆ ಹಿಡಿಯುತ್ತಿತ್ತು. ರಿಪೇರಿಗೆ ಕೊಟ್ಟೆ. ‘ಫಾರ್ಮ್ಯಾಟ್ ಮಾಡಿ ಹೊಸದಾಗಿ ವಿಂಡೋಸ್ ಹಾಕಿಬಿಡಲೇ ಸಾರ್?’ ಎಂದು ಹುಡುಗ ಕೇಳಿದ. ‘ಹಾಕಪ್ಪ’ ಎಂದೆ. ಸಂಜೆಗೆ ಯಂತ್ರ ಹೊಸ ಕರುವಿನಂತೆ ಓಡಿತು. ಆದರೆ ಯಾವ ಕೆಲಸಗಾರ ಯಾವ ದಿನ ಕೆಲಸಕ್ಕೆ ಸೇರಿದನೆಂಬ ಪಟ್ಟಿ ಅದರಲ್ಲಿರಲಿಲ್ಲ. ಹುಡುಗನದೇನೂ ತಪ್ಪಿಲ್ಲ. ಅವನು ಕೇಳಿದ್ದ, ನಾನು ಯೋಚಿಸದೆ ಹೂಂ ಎಂದಿದ್ದೆ.

ಐದು ವರ್ಷ ಸತತವಾಗಿ ದುಡಿದವನಿಗೆ ಗ್ರಾಚ್ಯುಯಿಟಿ ಸಲ್ಲಬೇಕೆಂದು 1972ರ ಕಾಯಿದೆ ಹೇಳಿತ್ತು. ಕೆಲಸ ಬಿಟ್ಟ ಒಬ್ಬರು ಅದನ್ನು ಕೇಳಲು ಹೊರಟಾಗ, ಸೇರಿದ ದಿನಾಂಕಕ್ಕೆ ನಮ್ಮ ಬಳಿ ಆಧಾರವೇ ಇಲ್ಲದಾಯಿತು. ಹಿರಿಯ ಸದಸ್ಯರೊಬ್ಬರು ಚಂದಾ ಬರೆದಿಡುತ್ತಿದ್ದ ಹಳೆಯ ನೋಟುಬುಕ್ಕು ಸಿಕ್ಕಿ ಅಷ್ಟಿಷ್ಟು ಮರ್ಯಾದೆ ಉಳಿಯಿತು. ಆ ಎರಡು ತಿಂಗಳು ಸದಸ್ಯರ ಮುಖ ನೋಡಲು ನನಗೆ ನಾಚಿಕೆಯಾಗುತ್ತಿತ್ತು. ಆ ಅವಸ್ಥೆ ನಿಮಗೆ ಬರಬಾರದೆಂದೇ ಈ ಮಾತು.

ಈಗ ಇದು ಎಲ್ಲರ ಪ್ರಶ್ನೆಯಾಗಿರುವುದಕ್ಕೆ ಕಾರಣವುಂಟು. 2015ರಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪೆನಿ 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಯಂತ್ರ ಅಂದೇ ನಿಂತುಹೋಗಲಿಲ್ಲ. ಆದರೆ ಕಳ್ಳಗಂಡಿ ಕಂಡುಬಂದರೆ ಮುಚ್ಚುವ ತೇಪೆ, ಪ್ರತ್ಯೇಕ ಏರ್ಪಾಡು ಮಾಡಿಕೊಳ್ಳದವರಿಗೆ ಬರುವುದು ನಿಂತಿತು. ಹಣದ ವ್ಯವಹಾರ ನಡೆಯುವ ಯಂತ್ರಕ್ಕೆ ಇದು ಸಣ್ಣ ಮಾತಲ್ಲ.

ಮುಂದಿನದಕ್ಕೆ ಹೋಗಲು ದಾರಿ ಎರಡು. ಒಂದು, ಇದ್ದುದರ ಮೇಲೆಯೇ ಏರಿಸುವುದು. ಇದಕ್ಕೆ ಅಪ್‌ಗ್ರೇಡ್ ಎನ್ನುತ್ತಾರೆ. ನಿಮ್ಮ ಕಡತ, ಟ್ಯಾಲಿ, ಪ್ರಿಂಟರು ಬಹುಮಟ್ಟಿಗೆ ಇದ್ದಲ್ಲೇ ಇರುತ್ತವೆ. ಹೊಸದು ಹಿಡಿಸದಿದ್ದರೆ ಸಾಮಾನ್ಯವಾಗಿ ಹತ್ತು ದಿನಗಳೊಳಗೆ ಹಳೆಯದಕ್ಕೆ ಮರಳಲೂಬಹುದು. ಇನ್ನೊಂದು, ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕುವುದು. ಇದರಲ್ಲಿ ಹಳೆಯ ಕಸ, ವೈರಸ್ಸು, ಬೇಡದ ತಂತ್ರಾಂಶಗಳು ಹೋಗುತ್ತವೆ. ಅವುಗಳೊಡನೆ ಬೇಕಾದುದೂ ಹೋಗುತ್ತದೆ.

ಯಾವುದು ಮೇಲು? ನಮ್ಮ ಸೀಮೆಯ ರೇಷ್ಮೆ ಬೆಳೆಗಾರನನ್ನು ಕೇಳಿ. ಬೆಳೆ ಚೆನ್ನಾಗಿ ಬಂದ ಹುಳುಮನೆಯ ಗೋಡೆಯನ್ನು ಅವನು ಕೆಡವುವುದಿಲ್ಲ. ರೋಗ ಬಿದ್ದ ಮನೆಯನ್ನು ಹಾಗೆಯೇ ಬಿಡುವುದೂ ಇಲ್ಲ. ತಟ್ಟೆ, ಚಂದ್ರಿಕೆಗಳನ್ನೆಲ್ಲಾ ಹೊರಗೆಳೆದು, ತೊಳೆದು, ಬ್ಲೀಚಿಂಗ್ ಪುಡಿಯ ನೀರು ಹೊಡೆಯುತ್ತಾನೆ. ಆದರೆ ಹುಳು ಒಳಗಿರುವಾಗಲೇ ಮದ್ದು ಹೊಡೆಯುವ ಬೆಳೆಗಾರನನ್ನು ನಾನು ಕಂಡಿಲ್ಲ. ನಾನು ಮಾಡಿದ್ದು ಅದನ್ನೇ.

ಇಲ್ಲಿಯೂ ಕ್ರಮ ಅದೇ. ಯಂತ್ರ ಸರಿಯಾಗಿ ನಡೆಯುತ್ತಿದ್ದು, ವಿಂಡೋಸ್ ಅಸಲಿಯಾಗಿದ್ದು, ಹೊಸದಕ್ಕೆ ಅರ್ಹವಾಗಿದ್ದರೆ ಏರಿಸಿದರೆ ಸಾಕು. ವೈರಸ್ಸು ಹೊಕ್ಕಿದ್ದರೆ, ದಿನಕ್ಕೆ ನಾಲ್ಕು ಬಾರಿ ನಿಲ್ಲುತ್ತಿದ್ದರೆ, ಹಳೆಯ ಯಂತ್ರವನ್ನು ಬೇರೆಯವರಿಂದ ಕೊಂಡಿದ್ದರೆ ಅಳಿಸಿ ಹಾಕುವುದೇ ಲೇಸು. ರೋಗದ ಮೇಲೆ ಏರಿಸಿದರೆ ರೋಗವೂ ಮೇಲೇರುತ್ತದೆ. ಯಂತ್ರ ಬರಿಯ ನಿಧಾನವಾಗಿದ್ದರೆ ದೋಷ ಹಳೆಯ ಹಾರ್ಡ್ ಡಿಸ್ಕಿನದೂ ಇರಬಹುದು. ಅದರ ಬದಲು ಎಸ್.ಎಸ್.ಡಿ. ಹಾಕಿಸಿ, ಹೊಸದರ ಮೇಲೆ ಹೊಸದಾಗಿ ವಿಂಡೋಸ್ ಹಾಕಿಸಿ, ತೆಗೆದ ಡಿಸ್ಕನ್ನು ಅಳಿಸದೆ ಬೀರುವಿನಲ್ಲಿಡಿ. ಹಳೆಯ ಲೆಕ್ಕವೆಲ್ಲಾ ಅದರಲ್ಲಿಯೇ ಉಳಿಯುತ್ತದೆ.

ಅಳಿಸಲು ಹೊರಟವರು ಮೂರು ಸಂಗತಿಗಳನ್ನು ತಿಳಿದಿರಬೇಕು.

ಒಂದು, ‘ಸಿ ಡ್ರೈವ್ ಮಾತ್ರ ಅಳಿಸುತ್ತೇವೆ, ಡಿ ಡ್ರೈವ್ ಮುಟ್ಟುವುದಿಲ್ಲ’ ಎಂಬ ಮಾತಿಗೆ ಸಮಾಧಾನಪಡಬೇಡಿ. ಪರದೆಯ ಮೇಲೆ ಕಾಣುವ ಕಡತಗಳೂ ಡಾಕ್ಯುಮೆಂಟ್ಸ್ ಎಂಬ ಚೀಲದಲ್ಲಿರುವುವೂ ಸಾಮಾನ್ಯವಾಗಿ ಸಿ ಡ್ರೈವಿನಲ್ಲಿಯೇ ಇರುತ್ತವೆ.

ಎರಡು, ಟ್ಯಾಲಿ ಇರುವ ಅಂಗಡಿಯವರು ಲೆಕ್ಕದ ಬ್ಯಾಕಪ್ ತೆಗೆದುಕೊಳ್ಳುವುದಲ್ಲದೆ, ಅದರ ಲೈಸೆನ್ಸನ್ನು ಮೊದಲೇ ಸರೆಂಡರ್ ಮಾಡಬೇಕು. ಆಮೇಲೆ ಹೊಸದಾಗಿ ಚಾಲೂ ಮಾಡಿಕೊಳ್ಳುವುದು ಸುಲಭ.

ಮೂರು, ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ಬರೆದ ಕನ್ನಡ ಕಡತಗಳು ಹೊಸ ವ್ಯವಸ್ಥೆಯಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳನ್ನು ಕಲಸಿದಂತೆ ಕಾಣುತ್ತವೆ. ಕಡತ ಕೆಟ್ಟಿತೆಂದು ಹೆದರಿ ಅಳಿಸಬೇಡಿ. ಆ ಅಕ್ಷರಶೈಲಿಯನ್ನು ಮತ್ತೆ ಹಾಕಿದರೆ ಕನ್ನಡ ಹಾಗೆಯೇ ಮರಳುತ್ತದೆ. ಇನ್ನು ಮುಂದೆ ಯೂನಿಕೋಡಿನಲ್ಲಿ ಬರೆದರೆ ಈ ತೊಡಕೇ ಇಲ್ಲ.

ಇನ್ನು, ‘ನಿಮ್ಮ ಯಂತ್ರ ಹೊಸದಕ್ಕೆ ಬಾರದು, ಎಸೆಯಿರಿ’ ಎಂಬ ಮಾತು. ವಿಂಡೋಸ್ 11ಕ್ಕೆ ಟಿ.ಪಿ.ಎಂ. 2.0 ಎಂಬ ಭದ್ರತಾ ಏರ್ಪಾಡು ಬೇಕೆಂದೂ, ಇಂಟೆಲ್ ಪ್ರೊಸೆಸರಾದರೆ ಬಹುಮಟ್ಟಿಗೆ ಎಂಟನೆಯ ಪೀಳಿಗೆಯದೋ ಅದರ ಮೇಲಿನದೋ ಇರಬೇಕೆಂದೂ ಕಂಪೆನಿ ನಿಯಮ ಮಾಡಿತು. ಇದರಿಂದ, ಕೆಲಸ ಮಾಡುತ್ತಿದ್ದ ಎಷ್ಟೋ ಯಂತ್ರಗಳು ಒಂದು ನಿಯಮದ ಬಲದಿಂದ ಮುದಿಯಾದವು. ಕೈಕಾಲು ಗಟ್ಟಿಯಿರುವ ಕೆಲಸಗಾರನನ್ನು ವಯಸ್ಸಾಯಿತೆಂದು ಗೇಟಿನ ಹೊರಗೆ ಕಳಿಸುವುದನ್ನು ಬಲ್ಲ ನಮಗೆ ಈ ನ್ಯಾಯ ಹೊಸದಲ್ಲ.

ಅಂಥ ಯಂತ್ರಕ್ಕೆ ಲಿನಕ್ಸನ್ನು ಹೊಸದಾಗಿ ಹಾಕಬಹುದು. ಉಬುಂಟು, ಮಿಂಟ್ ಮುಂತಾದುವಕ್ಕೆ ಲೈಸೆನ್ಸಿನ ಹಣ ಕೊಡಬೇಕಾಗಿಲ್ಲ. ಇದೇನು ಪುಸ್ತಕದ ಮಾತಲ್ಲ. ಕೇರಳ ಸರ್ಕಾರ ತನ್ನ ಶಾಲೆಗಳಲ್ಲಿ ಇಂಥ ಸ್ವತಂತ್ರ ತಂತ್ರಾಂಶವನ್ನೇ ಜಾರಿಗೆ ತಂದಿತು. 2017ರಲ್ಲಿ ಸ್ಥಾಪಿಸಿದ ಕೈಟ್ ಎಂಬ ಸಂಸ್ಥೆ ಉಬುಂಟುವಿನ ಆಧಾರದ ಮೇಲೆ ಶಾಲೆಗಳಿಗೆಂದೇ ಒಂದು ವ್ಯವಸ್ಥೆಯನ್ನು ಸಿದ್ಧಪಡಿಸಿತು. ಕಾಸರಗೋಡಿನ ನಮ್ಮ ಕನ್ನಡ ಮಕ್ಕಳೂ ಆ ಏರ್ಪಾಡಿನೊಳಗೇ ಇದ್ದಾರೆ. ಮಕ್ಕಳ ಕೈಗೆ ಒಗ್ಗುವುದು ನಮ್ಮ ಕೈಗೆ ಒಗ್ಗದೇ? ಕ.ಗ.ಪ. ಕೀಲಿಮಣೆಯಲ್ಲಿ ಕನ್ನಡ ಬರೆಯುವುದೂ ಅದರಲ್ಲಿ ಸಾಧ್ಯ. ಆದರೆ ನಿಜವನ್ನು ಮುಚ್ಚಿಡಬಾರದು: ಟ್ಯಾಲಿ ಅದರಲ್ಲಿ ನೇರವಾಗಿ ನಡೆಯುವುದಿಲ್ಲ. ಲೆಕ್ಕವೆಲ್ಲಾ ಟ್ಯಾಲಿಯಲ್ಲಿರುವ ವರ್ತಕರು ಯೋಚಿಸಿ ಹೆಜ್ಜೆಯಿಡಲಿ. ಪತ್ರ, ಪಟ್ಟಿ, ಇಂಟರ್‌ನೆಟ್ಟುಗಳಷ್ಟೇ ಸಾಕೆನ್ನುವ ಸಂಘದ ಕಚೇರಿಗೆ ಅದು ಧಾರಾಳವಾಯಿತು.

ಕೊನೆಯದಾಗಿ ಒಂದು ಮಾತು. ಏರಿಸುವುದೋ ಅಳಿಸುವುದೋ ಎಂಬ ತೀರ್ಮಾನವನ್ನು ರಿಪೇರಿಯವನಿಗೂ ಬಿಡಬೇಡಿ, ಕಂಪೆನಿಗೂ ಬಿಡಬೇಡಿ. ವಿಂಡೋಸ್ ಇನ್ನೊಂದು ಸಿಕ್ಕೀತು, ಯಂತ್ರವೂ ಸಿಕ್ಕೀತು. ನಿಮ್ಮ ಲೆಕ್ಕ ಯಾವ ಅಂಗಡಿಯಲ್ಲೂ ಸಿಕ್ಕದು. ಯಂತ್ರ ಮನೆಯ ಹೊಸ್ತಿಲು ದಾಟುವ ಮೊದಲು ಅದನ್ನು ಎರಡು ಕಡೆ ನಕಲು ಮಾಡಿ, ಆ ನಕಲನ್ನು ಬೇರೆ ಯಂತ್ರದಲ್ಲಿ ತೆರೆದು ನೋಡಿ. ಸಂಘದ ಪಟ್ಟಿಯಾದರೆ ಕಾಗದದ ಮೇಲೂ ಒಂದು ಪ್ರತಿ ಇರಲಿ. ನಮ್ಮ ಆ ಹಿರಿಯರ ನೋಟುಬುಕ್ಕಿಗೆ ವೈರಸ್ಸು ಹತ್ತಿರಲಿಲ್ಲ.

ಬರುವ ಭಾನುವಾರ ಪೆನ್ ಡ್ರೈವ್ ತನ್ನಿ. ನಕಲು ಮಾಡುವುದನ್ನು ಒಬ್ಬೊಬ್ಬರಿಗೂ ಕೈಹಿಡಿದು ಕಲಿಸುತ್ತೇನೆ. ಮೇಷ್ಟರ ಕೆಲಸ ಬಿಟ್ಟರೂ ಆ ಚಟ ಬಿಟ್ಟಿಲ್ಲ.