ಬಣ್ಣ ಕಳಚಿದ ಹೊಳೆ

ಮೊನ್ನೆ ಕಲ್ಯಾಣಪುರದ ಸುವರ್ಣಾ ಹೊಳೆಯ ದಡದಲ್ಲಿ ಡಿಜಿಟಲ್ ಕ್ಯಾಮೆರಾದಿಂದ ಕಪ್ಪು-ಬಿಳುಪು ಚಿತ್ರವೊಂದನ್ನು ತೆಗೆದೆ. ದಡದ ಮನೆಯ ಹಂಚಿನ ಮಾಡಿನ ಕೆಂಪು, ಹಿಂದಿನ ತೆಂಗಿನ ಹಸಿರು ಎರಡೂ ಒಂದೇ ಬೂದು ಬಣ್ಣಕ್ಕೆ ತಿರುಗಿ, ಮನೆಯೇ ಮಾಯ!

ತಮಾಷೆಯೆಂದರೆ, ಕ್ಯಾಮೆರಾದ ಸೆನ್ಸರಿಗೆ ಬಣ್ಣವೇ ಗೊತ್ತಿಲ್ಲ. ಅದು ಅಳೆಯುವುದು ಬೆಳಕು ಎಷ್ಟು ಎನ್ನುವುದನ್ನು ಮಾತ್ರ. ಮೇಲೆ ಹೊದಿಸಿದ ಕೆಂಪು, ಹಸಿರು, ನೀಲಿ ಫಿಲ್ಟರುಗಳಿಂದ ಬಂದ ಲೆಕ್ಕ ಕೂಡಿಸಿ ಬಣ್ಣ ಕಟ್ಟಲಾಗುತ್ತದೆ. ರಾ ಫೈಲಿನಲ್ಲಿ, ಅಂದರೆ ಸಂಸ್ಕರಿಸದ ಕಚ್ಚಾ ಕಡತದಲ್ಲಿ, ಆ ಲೆಕ್ಕ ಹಾಗೇ ಉಳಿದಿರುತ್ತದೆ. ಮನೆಗೆ ಬಂದು ಕೆಂಪನ್ನು ತುಸು ಏರಿಸಿದೆ. ಮಾಡು ಬೆಳಗಿತು, ತೆಂಗು ಹಿಂದೆ ಸರಿಯಿತು. ಫಿಲ್ಮಿನ ಕಾಲದವರು ಪಾಪ, ಲೆನ್ಸಿನ ಮುಂದೆ ಕೆಂಪು ಗಾಜಿಟ್ಟು ಮೊದಲೇ ನಿರ್ಧರಿಸಬೇಕಿತ್ತು.

ಮಂಜು ಕವಿದ ಬೆಳಿಗ್ಗೆಯಂತೂ ಹೊಳೆ ತಾನಾಗಿಯೇ ಕಪ್ಪು-ಬಿಳುಪು. ದೋಣಿ ಅರ್ಧ ಕರಗಿರುತ್ತದೆ. ದೋಣಿಯವರ ಅಡಿಕೆ ಹಾಳೆಯ ಟೋಪಿ, ಮುಟ್ಟಾಳೆಯೊಂದೇ ಸ್ಪಷ್ಟ.