ಒಂದು ಗುಲಗಂಜಿ ತೂಕ



ಸ್ತನ ಕ್ಯಾನ್ಸರ್ ತಡೆಯುವ ಸಸ್ಯಜನ್ಯ ಸಂಯುಕ್ತಗಳ ಬಗ್ಗೆ ನಂಜನಗೂಡಿನಲ್ಲಿ ಸಂಕಿರಣ ಎಂದು ಸಂಘಟಕರು ಫೋನ್ ಮಾಡಿದಾಗ, ಇದಕ್ಕಿಂತ ಸರಿಯಾದ ಜಾಗ ಸಿಗಲಿಕ್ಕಿಲ್ಲ ಅನ್ನಿಸಿತು. ನಂಜುಂಡವನ ಊರು ಇದು. ಟಿಪ್ಪುವಿನ ಆನೆಯ ಕಣ್ಣುಬೇನೆ ಇಲ್ಲಿ ವಾಸಿಯಾಗಿ, ಆತ ಈ ದೇವರನ್ನು ‘ಹಕೀಂ ನಂಜುಂಡ’ ಎಂದು ಕರೆದನೆಂಬ ಕತೆ ಇಲ್ಲಿನ ಮಕ್ಕಳಿಗೂ ಗೊತ್ತು. ವಿಷದ ಹೆಸರೂ ವೈದ್ಯನ ಬಿರುದೂ ಒಬ್ಬನಿಗೇ. ಕಪಿಲೆಯ ಜಾಡು ಹಿಡಿದು ಕೆಳಗಿಳಿದರೆ ತಿರುಮಕೂಡಲು ನರಸೀಪುರ. ಅಲ್ಲಿನ ಗುಂಜಾ ನರಸಿಂಹನ ಕೈಯಲ್ಲಿ ಗುಲಗಂಜಿ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎಂಬುದು ಊರವರ ಹೆಮ್ಮೆ. ನಾನು ಆ ಊರಿನ ಸೊಸೆ, ಹಾಗಾಗಿ ತಕರಾರಿಲ್ಲ.

ಆ ಗುಲಗಂಜಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕೆಂಪು ಬೀಜ, ತುದಿಯಲ್ಲಿ ಕಪ್ಪು ಮಚ್ಚೆ, ತೂಕ ಸುಮಾರು 120 ಮಿಲಿಗ್ರಾಂ. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದುದು ಇದರಲ್ಲೇ. ಒಳಗಿರುವುದು ಅಬ್ರಿನ್. ಜೀವಕೋಶದಲ್ಲಿ ಪ್ರೋಟೀನ್ ತಯಾರಾಗುವ ಕೆಲಸವನ್ನೇ ನಿಲ್ಲಿಸಿಬಿಡುವ ನಂಜು. ಚೆನ್ನಾಗಿ ಅಗಿದು ನುಂಗಿದರೆ ಒಂದೇ ಬೀಜ ಪ್ರಾಣಕ್ಕೆ ಎರವಾಗಬಹುದು. ಇದನ್ನೂ ಗಡ್ಡೆಗಳ ಮೇಲೆ ಪ್ರಯೋಗಿಸಿ ನೋಡಿದವರಿದ್ದಾರೆ. ಕ್ಯಾನ್ಸರ್ ಕೋಶ ಸಾಯುತ್ತದೆ, ನಿಜ. ಗಾಜಿನ ತಟ್ಟೆಯಲ್ಲಿರುವ ಕೋಶ ಸೀಮೆಎಣ್ಣೆ ಹಾಕಿದರೂ ಸಾಯುತ್ತದೆ.

ನಂಜು ಮದ್ದಾಗುವುದು ಹೊಸದಲ್ಲ. ಯೂ ಮರದ ತೊಗಟೆಯಲ್ಲಿದ್ದ ಪ್ಯಾಕ್ಲಿಟ್ಯಾಕ್ಸೆಲ್‌ನ ರಚನೆಯನ್ನು ಮನ್ಸುಖ್ ವಾಣಿ, ಮನ್ರೋ ವಾಲ್ ಮತ್ತು ಸಂಗಡಿಗರು 1971ರಲ್ಲಿ ಪ್ರಕಟಿಸಿದರು. 1994ರಲ್ಲಿ ಅಮೆರಿಕದಲ್ಲಿ ಅದಕ್ಕೆ ಸ್ತನ ಕ್ಯಾನ್ಸರ್ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿತು. ಕೂದಲು ಉದುರಿದರೂ, ಕೈಕಾಲು ಜೋಮು ಹಿಡಿದರೂ ರೋಗಿ ಅದನ್ನು ತಾಳಿಕೊಳ್ಳುತ್ತಾಳೆ, ರೋಗ ಎದುರಿಗೇ ನಿಂತಿದೆಯಲ್ಲ. ಆದರೆ ನಮ್ಮ ವಿಷಯ ತಡೆ. ತಡೆಯುವ ಮದ್ದನ್ನು ನುಂಗಬೇಕಾದವಳು ಆರೋಗ್ಯವಾಗಿರುವ ಹೆಂಗಸು, ಅದೂ ವರ್ಷಗಟ್ಟಲೆ. ಅವಳ ಮಟ್ಟಿಗೆ ಗುಲಗಂಜಿಯಷ್ಟು ಅಪಾಯವೂ ಹೆಚ್ಚೇ. ಫಿನ್ಲೆಂಡಿನಲ್ಲಿ ಧೂಮಪಾನ ಮಾಡುವ 29,133 ಗಂಡಸರ ಮೇಲೆ ನಡೆದ ಪ್ರಯೋಗವನ್ನು ನೆನೆಯಿರಿ. ಕ್ಯಾರೆಟ್ಟಿನ ಬೀಟಾ ಕ್ಯಾರೊಟಿನ್ ಶ್ವಾಸಕೋಶದ ಕ್ಯಾನ್ಸರ್ ತಡೆಯುತ್ತದೆಂದು ಮಾತ್ರೆ ಕೊಟ್ಟರು. 1994ರಲ್ಲಿ ಫಲಿತಾಂಶ ಬಂದಾಗ, ಮಾತ್ರೆ ನುಂಗಿದವರಲ್ಲೇ ಆ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು. ಸೋಯಾದ ಜೆನಿಸ್ಟೀನ್ ಇನ್ನೊಂದು ಪಾಠ. ಪ್ರಯೋಗಾಲಯದ ಸ್ತನ ಕ್ಯಾನ್ಸರ್ ಕೋಶಗಳನ್ನು ಅದು ಹೆಚ್ಚು ಪ್ರಮಾಣದಲ್ಲಿ ತಡೆಯುತ್ತದೆ, ಕಡಿಮೆ ಪ್ರಮಾಣದಲ್ಲಿ ಬೆಳೆಸುತ್ತದೆ.

ಇನ್ನು ಅರಿಶಿನ. ಈ ಸೀಮೆಯ ಹೊಲದ ಬೆಳೆ, ಇವತ್ತಿನ ಪ್ರಬಂಧಗಳಲ್ಲೂ ಅದರದೇ ಭರಾಟೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಸ್ವಯಂಸೇವಕರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟರು. ರಕ್ತದಲ್ಲಿ ಅದು ಕಂಡೂ ಕಾಣದಷ್ಟು. ಜೊತೆಗೆ 20 ಮಿಲಿಗ್ರಾಂ ಪೈಪರಿನ್, ಅಂದರೆ ಕರಿಮೆಣಸಿನ ಖಾರದ ಅಂಶ, ಸೇರಿಸಿದಾಗ ಸುಮಾರು 20 ಪಟ್ಟು ಏರಿತು. ‘ನಮ್ಮಜ್ಜಿಗೆ ಇದು ಗೊತ್ತಿತ್ತು’ ಎಂದು ಆಗಲೇ ಮುಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು. ಸರಿ, ಅಜ್ಜಿಯ ಲೆಕ್ಕವನ್ನೇ ಹಾಕೋಣ. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಶೇ. 3ರಷ್ಟು ಎಂದಿಟ್ಟುಕೊಂಡರೆ, 2 ಗ್ರಾಂ ಬೇಕಾದರೆ 65 ಗ್ರಾಂಗಿಂತ ಹೆಚ್ಚು ಪುಡಿ ಬೇಕು. ಮನೆಮಂದಿಗೆಲ್ಲ ಮಾಡುವ ಹುಳಿಗೆ ನಾವು ಹಾಕುವುದು ಕಾಲು ಚಮಚ. ಪೈಪರಿನ್ ಬೇರೆ ಮದ್ದುಗಳ ಮಟ್ಟವನ್ನೂ ಏರುಪೇರು ಮಾಡಬಲ್ಲದು. ಬಿಪಿ ಮಾತ್ರೆಯೋ ಸ್ತನ ಕ್ಯಾನ್ಸರಿನ ಮದ್ದು ಟ್ಯಾಮಾಕ್ಸಿಫೆನ್ನೋ ತೆಗೆದುಕೊಳ್ಳುತ್ತಿರುವವಳಿಗೆ ಇದು ಸಣ್ಣ ಮಾತಲ್ಲ.

ನಮ್ಮ ದೊಡ್ಡತ್ತೆಯೊಬ್ಬರ ಎದೆಯಲ್ಲಿ ಅಡಿಕೆ ಗಾತ್ರದ ಗಂಟಿತ್ತು. ‘ನೋವಿಲ್ಲವಲ್ಲ’ ಎಂದು ಎಂಟು ತಿಂಗಳು ಅರಿಶಿನ, ಬೇವಿನ ಸೊಪ್ಪು ಅರೆದು ಪಟ್ಟು ಹಾಕಿಕೊಂಡರು. ನೋವಿಲ್ಲದಿರುವುದೇ ಹೆದರಬೇಕಾದ ಸಂಗತಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಅರಿಶಿನ ಕ್ಯಾನ್ಸರಿಗೆ ಮದ್ದು ಎಂಬ ಪತ್ರಿಕೆಯ ತುಣುಕು ಮಾತ್ರ ಅವರ ಪಂಚಾಂಗದೊಳಗೆ ಮಡಿಸಿಟ್ಟಿತ್ತು. ಅಂಥ ತುಣುಕುಗಳು ಹುಟ್ಟುವುದು ನಮ್ಮ ಪ್ರಬಂಧಗಳಿಂದಲೇ.

2022ರ ಜಾಗತಿಕ ಅಂದಾಜಿನಂತೆ ಭಾರತದಲ್ಲಿ ಆ ವರ್ಷ ಸ್ತನ ಕ್ಯಾನ್ಸರಿನ ಹೊಸ ಪ್ರಕರಣಗಳು 1.92 ಲಕ್ಷ, ಸಾವು 98 ಸಾವಿರ. ಮುಂಬಯಿಯ ಟಾಟಾ ಸ್ಮಾರಕದವರು 1998ರಿಂದ ಒಂದೂವರೆ ಲಕ್ಷ ಹೆಂಗಸರನ್ನು ಒಳಗೊಂಡು 20 ವರ್ಷ ನಡೆಸಿದ ಅಧ್ಯಯನದಲ್ಲಿ, ತರಬೇತಾದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದ್ದರಿಂದಲೇ 50 ದಾಟಿದವರಲ್ಲಿ ಸಾವು ಶೇ. 30ರ ಹತ್ತಿರ ಇಳಿಯಿತು. ಯಾವ ಸಸ್ಯದ ಸಾರವೂ ಈವರೆಗೆ ಅಷ್ಟು ಮಾಡಿ ತೋರಿಸಿಲ್ಲ. ಹಾಗೆಂದು ಸಸ್ಯಗಳ ಹುಡುಕಾಟ ಬಿಡಿ ಎನ್ನುತ್ತಿಲ್ಲ, ನಾನೂ ಅದರಲ್ಲೇ ತಲೆ ನರೆಸಿಕೊಂಡವಳು.

ಕೋರಿಕೆ ಒಂದೇ. ಇನ್ನು ಸ್ವಲ್ಪ ಹೊತ್ತಿಗೆ ಮೊದಲ ಗೋಷ್ಠಿ ಶುರುವಾಗುತ್ತದೆ. ಪ್ರಬಂಧ ಮಂಡಿಸುವವರು ಎಷ್ಟು ಮೈಕ್ರೋಮೋಲಾರ್ ಎಂದು ಹೇಳುವಾಗ, ಅದು ಎಷ್ಟು ಚಮಚ ಎಂಬುದನ್ನೂ ದಯವಿಟ್ಟು ಹೇಳಿ.